ಆಂಟೆನಾದ ಅಡಿಯ ತಾಮ್ರ

ಸಾರ್,

ಗುರುಗಳೇ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು ತೀರಿಹೋಗಿ ಎಂಟು ತಿಂಗಳು. ಏಳು ತಿಂಗಳು ನಿಮ್ಮನ್ನು ನೆನೆದು ಅತ್ತವಳು ನಾನು. ಈಗ ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವಾಗಲೂ ಮನಸ್ಸಿನಲ್ಲೇ ನಿಮ್ಮೊಂದಿಗೆ ಜಗಳವಾಡುತ್ತಿರುತ್ತೇನೆ. ಉತ್ತರ ಕೊಡುವ ಕಷ್ಟವನ್ನೂ ತಪ್ಪಿಸಿಕೊಂಡುಬಿಟ್ಟಿರಿ.

ಪೀಣ್ಯದ ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ ನಾನು ಮೊದಲ ಬಾರಿ ಆಂಟೆನಾ ಬರೆದದ್ದು ನೆನಪಿದೆಯೇ? ಛಾವಣಿಯ ಟ್ಯಾಂಕ್ ತುಂಬಿದಾಗ ಕೆಳಗಿನ ಮೋಟರಿಗೆ ಸುದ್ದಿ ಕಳಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್. ಅದರ ಅಂಚಿನಲ್ಲಿ ಹಾವಿನಂತೆ ಮಡಚಿದ ತೆಳು ತಾಮ್ರದ ಗೆರೆಯೇ ಆಂಟೆನಾ. ಪರದೆಯ ಮೇಲೆ ಅರ್ಧ ಮಿಲಿಮೀಟರ್ ಉದ್ದ ಮಾಡು, ಮತ್ತೆ ಮೊಟಕು ಮಾಡು... ಮೂರು ವಾರ ಕೂತಿದ್ದೆ. ಗೆರೆಯ ಅಡಿಗೆ, ಬೋರ್ಡಿನ ಹಿಂಬದಿಯಲ್ಲಿ, ತಾಮ್ರವಿದ್ದರೆ ಸಿಗ್ನಲ್ ಹೊರಗೆ ಹೋಗುವುದಿಲ್ಲ. ಅದಕ್ಕೇ ಆ ಜಾಗ ಖಾಲಿ ಬಿಟ್ಟಿದ್ದೆ. ನೀವು ಹಿಂದೆ ನಿಂತು, "ಏನಮ್ಮಾ ಇಂಗ್ಲಿಷ್ ಮೀಡಿಯಂ, ಇಷ್ಟು ಜಾಗ ಬಿಟ್ಟಿದೀಯ, ಕಾರ್ ಪಾರ್ಕಿಂಗಾ?" ಎಂದಿರಿ. ನಾನೂ ನಕ್ಕೆ. "ನೀನು ಹೊರಡು, ಒಂದ್ಸಲ ನೋಡಿ ನಾನೇ ಫ್ಯಾಕ್ಟರಿಗೆ ಕಳಿಸ್ತೀನಿ" ಎಂದಿರಿ. ಎಲ್ಲರಿಗಿಂತ ಹಿರಿಯರಾದ ನೀವು ನೋಡಿದ ಫೈಲನ್ನು ಮತ್ತೆ ಯಾರೂ ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಅದೇ ಪದ್ಧತಿ. ಅದನ್ನು ಮರ್ಯಾದೆ ಎಂದುಕೊಂಡಿದ್ದೆವು.

ಬೋರ್ಡುಗಳು ಬಂದ ಮೇಲಿನ ಮೀಟಿಂಗ್. ಎರಡು ಮಹಡಿ ಇಳಿಯುವಷ್ಟರಲ್ಲಿ ಸಿಗ್ನಲ್ ಸತ್ತುಹೋಗುತ್ತಿತ್ತು. "ಆಂಟೆನಾ ಯಾರ್ದು?" ಎಂದರು ಎಂಡಿ. ಎಲ್ಲರೂ ನನ್ನತ್ತ ನೋಡಿದರು. ನೀವು ಟೀ ಲೋಟ ಕೆಳಗಿಟ್ಟು, "ಹೋಗ್ಲಿ ಬಿಡಿ, ಕಲೀತಾಳೆ" ಎಂದಿರಿ. ನಲವತ್ತೊಂದು ವರ್ಷದವಳು, ಕಲೀತಾಳೆ! ಹೊರಗೆ ಬಂದು ನಿಮಗೆ ಥ್ಯಾಂಕ್ಸ್ ಬೇರೆ ಹೇಳಿದೆನಲ್ಲ ಸಾರ್. ಹೇಗೆ ತೆಗೆದುಕೊಂಡಿರಿ ಅದನ್ನು? ಬೋರ್ಡಿಗೆ ಹೊರಗಿನಿಂದ ಆಂಟೆನಾದ ಬದಲು ಒಂದು ವೈರ್ ಸಿಕ್ಕಿಸಿ ಮಾರಾಟ ನಡೆಸಿದರು. ನನಗೆ ಮತ್ತೆ ಆಂಟೆನಾ ಕೊಡಲಿಲ್ಲ. ಎರಡು ವರ್ಷ ಬೇರೆಯವರ ಬೋರ್ಡುಗಳಿಗೆ ಕೈಪಿಡಿ ಬರೆದೆ.

ಕಳೆದ ತಿಂಗಳು ಎಂಡಿ, "ಆ ವೈರ್ ತೆಗೀಬೇಕು, ಹಳೇ ಫೈಲ್ ನೋಡಿ" ಎಂದರು. ಫ್ಯಾಕ್ಟರಿಗೆ ಹೋಗಿದ್ದ ಫೈಲನ್ನು ಮೊದಲ ಬಾರಿಗೆ ತೆರೆದೆ. ನಾನು ಖಾಲಿ ಬಿಟ್ಟ ಜಾಗದ ತುಂಬ ತಾಮ್ರ. ಬದಲಿಸಿದವರ ಹೆಸರು ನಿಮ್ಮದು. ಇಷ್ಟೇ ಆಗಿದ್ದರೆ ಕ್ಷಮಿಸುತ್ತಿದ್ದೆ. ಪವರ್ ಸಪ್ಲೈ ಬೋರ್ಡುಗಳಲ್ಲೇ ಕೂದಲು ಬೆಳ್ಳಗಾದವರು ನೀವು. ಅಲ್ಲಿ ಖಾಲಿ ಜಾಗ ಕಂಡರೆ ತಾಮ್ರ ತುಂಬುವುದೇ ಒಳ್ಳೆಯ ಕೆಲಸ. ಆದರೆ ನಿಮ್ಮ ಫೋಲ್ಡರಿನಲ್ಲಿ ಇನ್ನೊಂದು ಪ್ರತಿ ಇತ್ತು, ಮೀಟಿಂಗಿನ ಮಾರನೇ ದಿನದ್ದು. ಅದರಲ್ಲಿ ಆ ತಾಮ್ರ ಅಳಿಸಿದ್ದೀರಿ. ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಯಾರಿಗೂ ತೋರಿಸದೆ, ಮಧ್ಯಾಹ್ನ ನನ್ನ ಡಬ್ಬಿಯ ಪುಳಿಯೋಗರೆ ತಿನ್ನುತ್ತ...

ಬೆಸುಗೆ ಹಾಕುವ ನಮ್ಮ ಗದಗಿನ ರೇಣುಕಾಗೆ ಹಳೆಯ ಬೋರ್ಡೊಂದನ್ನು ಕೊಟ್ಟು, ಆ ತಾಮ್ರವನ್ನು ಬ್ಲೇಡಿನಿಂದ ಕೆರೆಯಲು ಹೇಳಿದೆ. ವೈರ್ ಕಿತ್ತು ಬೋರ್ಡನ್ನು ಛಾವಣಿಯಲ್ಲಿಟ್ಟು, ರಿಸೀವರ್ ಹಿಡಿದು ಇಬ್ಬರೂ ಮೆಟ್ಟಿಲಿಳಿದೆವು. ಎರಡನೇ ಮಹಡಿ, ಒಂದನೇ ಮಹಡಿ, ಗೇಟು, ರಸ್ತೆಯಾಚೆಯ ಟೀ ಅಂಗಡಿ. ಹಸಿರು ದೀಪ ಆರಲೇ ಇಲ್ಲ. "ಅಯ್ಯ ಮೇಡಂ, ಇಷ್ಟ ದಿನಾ ಇದರ ಬಾಯಾಗ ಅರಿವಿ ತುರುಕಿದ್ರೇನ್ರೀ?" ಎಂದಳು ರೇಣುಕಾ. ಟೀ ಅಂಗಡಿಯ ಮುಂದೆ ನಿಂತು ಅತ್ತೆ. ಸಂತೋಷಕ್ಕಲ್ಲ.

ಹಾಗಾದರೆ ನಾನು? ಬೋರ್ಡಿನ ಮೇಲೆ ಕಪ್ಪು ಬಣ್ಣ ಬಳಿದಿತ್ತು, ತಾಮ್ರ ಕಣ್ಣಿಗೆ ಕಾಣುತ್ತಿರಲಿಲ್ಲ, ನಿಜ. ಫೈಲ್ ತೆರೆಯಲು ಯಾರು ಬೇಡವೆಂದಿದ್ದರು? ನಿಮ್ಮನ್ನು ಅನುಮಾನಿಸುವುದಕ್ಕಿಂತ ನನ್ನನ್ನೇ ದಡ್ಡಿ ಎಂದುಕೊಳ್ಳುವುದು ಸುಲಭವಾಗಿತ್ತು. ಈ ಸಿಟ್ಟಿನಲ್ಲಿ ಒಂದು ಪಾಲು ನನಗೂ ಸೇರಬೇಕು. ದೊಡ್ಡ ಪಾಲು ನಿಮ್ಮದೇ.

ಇವತ್ತು ಬೆಳಿಗ್ಗೆ ಹೊಸ ಫೈಲ್ ಸಿದ್ಧವಾಯಿತು. ಬದಲಾವಣೆಗೆ ಕಾರಣ ಬರೆಯುವ ಚೌಕವೊಂದು ಇರುತ್ತದಲ್ಲ, ಅಲ್ಲಿಗೆ ಬಂದಾಗ ಎಂಡಿ ಪಕ್ಕದಲ್ಲೇ ನಿಂತಿದ್ದರು.

"ಸುಧಾರಣೆ ಅಂತ ಹಾಕ್ಬಿಡಿ ಸುಮಾ. ಹೋದೋರ ಮೇಲೆ ಯಾಕೆ?"

"ಇರೋಳ ಮೇಲೆ ಎರಡು ವರ್ಷ ಇತ್ತಲ್ಲ ಸಾರ್. ಆಗ ಯಾಕೆ ಅಂತ ಯಾರೂ ಕೇಳ್ಲಿಲ್ಲ."

ನಾನು ಬರೆದೆ: ಹಿಂದಿನ ಬೋರ್ಡಿನಲ್ಲಿ ಆಂಟೆನಾದ ಅಡಿ ತಾಮ್ರ ತುಂಬಿದ್ದು ತಪ್ಪು. ತುಂಬಿದವರು ಎಂದು ನಿಮ್ಮ ಹೆಸರು, ಇನಿಷಿಯಲ್ ಸಹಿತ ಪೂರ್ತಿ. ಕಳಿಸಿದ ಫೈಲನ್ನು ತೆರೆದು ನೋಡದವರು ಎಂದು ನನ್ನ ಹೆಸರು. ಹನ್ನೊಂದು ಗಂಟೆಗೆ ಫ್ಯಾಕ್ಟರಿಗೆ ಹೋಯಿತು ಸಾರ್. ಇನ್ನು ಆ ಫೈಲನ್ನು ಯಾರೇ ತೆರೆಯಲಿ, ಮೊದಲು ಅದನ್ನೇ ಓದುತ್ತಾರೆ.

ಸುಮಾ