ತಪ್ಪು ಕಾಲೇಜಿಗೆ ಹೋದ ಸಹಿ

ಹ್ರಾಡೆಕ್, ನೆಬ್ರಾಸ್ಕಾ
ಬುಧವಾರ, ೯ ನವೆಂಬರ್ ೨೦೧೧
ಮಧ್ಯಾಹ್ನದ ಊಟವಾದ ಕೂಡಲೇ

ಪ್ರೀತಿಯ ಮಗಳು ಲಿಡಾಗೆ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನುತ್ತದೆಯೇ? ನಿನ್ನ ತಂಡದ ಹುಡುಗಿಯರಿಗೆ ವಾಲಿಬಾಲ್ ನೆಟ್‌ನ ಹತ್ತಿರ ಹಾರುವುದು ಹೇಗೆಂದು ನೀನೇ ಹಾರಿ ತೋರಿಸಬೇಡ, ಬಾಯಲ್ಲಿ ಹೇಳಿದರೆ ಸಾಕು. ನಿನಗೀಗ ನಲವತ್ತೊಂದು, ಅದನ್ನು ನಿನ್ನ ಮಂಡಿ ಮರೆತಿಲ್ಲ. ಮಂಡಿಗೆ ಹಚ್ಚಲೆಂದು ಅಮ್ಮ ಕಳಿಸಿದ ಬಾತುಕೊಬ್ಬಿನ ಡಬ್ಬಿಯನ್ನು ತೆರೆದಾದರೂ ನೋಡಿದೆಯೋ ಇಲ್ಲವೋ ಎಂದು ಅವಳು ದಿನಕ್ಕೆರಡು ಸಲ ಕೇಳುತ್ತಾಳೆ. ಹಚ್ಚಿಕೊಂಡೆ ಎಂದೇ ಬರೆದುಬಿಡು, ನನಗೂ ನೆಮ್ಮದಿ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಗಿವಿ ಪೂರ್ತಿ ರಜೆ ಹಾಕಿದೆ, ಬಲಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ನಿನ್ನ ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಂತೆ, ಗಲ್ಲದ ಮೇಲೆ ಸಕ್ಕರೆಪುಡಿ ಅಂಟಿಸಿಕೊಂಡೇ ಹಾಗೆ ಹೇಳುತ್ತಾಳೆ.

ಇನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ನನ್ನ ಮೊಮ್ಮಗಳು ರೋಸಲಿ ಸಹಿ ಹಾಕಿದಳು! ಇವತ್ತು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಶಾಲೆಯ ಗ್ರಂಥಾಲಯದಲ್ಲಿ, ಸೇಂಟ್ ಬ್ರೆಂಡನ್ ಕಾಲೇಜಿನ ವಾಲಿಬಾಲ್ ತಂಡ ಸೇರುತ್ತೇನೆಂಬ ಒಪ್ಪಿಗೆ ಕಾಗದಕ್ಕೆ, ಎರಡು ವರ್ಷದ ಹಿಂದೆ ಕೊಟ್ಟ ಮಾತಿನಂತೆಯೇ. ನಿನಗೆ ಇದು ಗೊತ್ತು, ಸೇಂಟ್ ಬ್ರೆಂಡನ್‌ನವರಿಗಿಂತ ಮೊದಲು ಕಾಗದ ನೋಡಿದವಳೇ ನೀನು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನಾನು ನನ್ನ ಕೈಯಾರೆ ಬರೆದು ಹೇಳಬೇಕು. ಫೋನ್ ಮಾಡಬಹುದಿತ್ತು, ನನ್ನ ಕಿವಿಯ ಪಾಡು ಒಂದು, ಅಮ್ಮ ಪಕ್ಕದಲ್ಲಿ ನಿಂತು ರಿಸೀವರ್ ಕಿತ್ತುಕೊಳ್ಳುವುದು ಇನ್ನೊಂದು. ನಿನ್ನ ವ್ರತ ಮುಗಿಯಿತು ಮಗಳೇ. ಇನ್ನು ನೀನು ಮನೆಗೆ ಬರಬಹುದು. ಅಡುಗೆಮನೆಯ ಬಾಗಿಲಿನಿಂದ ಬಾ, ಮುಂಬಾಗಿಲಿನಿಂದ ಬಾ, ಬೇಕಾದರೆ ಕಿಟಕಿ ಹಾರಿ ಬಾ.

ನಿನ್ನ ಆ ತೀರ್ಮಾನದ ಮೇಲೆ ನಾನು ಎಷ್ಟು ಸಿಡುಕಿದ್ದೇನೆ ಎಂಬುದು ನಿನಗೆ ಗೊತ್ತು. ಹದಿನೈದರ ಹುಡುಗಿ ಸೇಂಟ್ ಬ್ರೆಂಡನ್‌ಗೆ ಬರುತ್ತೇನೆಂದು ಮಾತು ಕೊಟ್ಟಳು, ನೀನು ಅವರ ಬದ್ಧ ಎದುರಾಳಿ ಕಾಟನ್‌ವುಡ್ ಕಾಲೇಜಿನಲ್ಲಿ ವಾಲಿಬಾಲ್ ತಂಡದ ಸಹಾಯಕ ಕೋಚ್. ಮಾತು ಕೊಟ್ಟ ಹುಡುಗಿಯನ್ನು ತನ್ನ ಕಾಲೇಜಿಗೆ ಎಳೆಯಲು ಸ್ವಂತ ಅತ್ತೆಯೇ ಹೊಂಚು ಹಾಕಿದಳು ಎಂದು ಯಾರೂ ಅನ್ನಬಾರದು, ಅವಳು ಸಹಿ ಹಾಕುವ ತನಕ ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದೆ. ಕಾರಣವನ್ನು ರೋಸಲಿಗೆ ಹೇಳಬೇಡಿ, ಹೇಳಿದರೆ ಅದೂ ಎಳೆದ ಹಾಗೆಯೇ ಎಂದು ನಮ್ಮ ಬಾಯಿಗೂ ಬೀಗ ಹಾಕಿಸಿದೆ. ಎರಡು ಕ್ರಿಸ್‌ಮಸ್‌ಗೆ ನಾನೂ ಅಮ್ಮನೂ ಕರಿದ ಮೀನಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ನಿನ್ನ ಬಾಡಿಗೆ ಮನೆಗೆ ಬಂದೆವು, ಇಲ್ಲಿ ಹುಡುಗಿಯ ಹತ್ತಿರ, ನಿನ್ನ ಅತ್ತೆಗೆ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆವು. ನಲವತ್ತು ವರ್ಷ ದನದ ಹರಾಜು ಕೂಗಿದವನು ನಾನು. ಕೈ ಕುಲುಕಿದ ಮೇಲೆ ಪಕ್ಕದವನು ಎಷ್ಟೇ ಕೂಗಿದರೂ ಆ ಹಸುವಿನ ಕಡೆ ತಿರುಗಿ ನೋಡಬಾರದು ಎಂದು ನಿನಗೆ ಕಲಿಸಿದವನೂ ನಾನೇ. ಆದರೆ ಹಸುವಿನ ಅತ್ತೆ ಕೊಟ್ಟಿಗೆಗೇ ಬರಬಾರದು ಎಂದು ನಾನು ಯಾವತ್ತೂ ಹೇಳಿರಲಿಲ್ಲ. ನಗಬೇಡ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಿನ್ನ ಮೇಲಿನವರು ನಿನ್ನಷ್ಟು ಮಡಿ ಅಲ್ಲ ಎಂಬುದನ್ನು ಈಗ ಹೇಳಬಹುದು. ಅಕ್ಟೋಬರ್‌ನಲ್ಲಿ ನಿಮ್ಮ ಮುಖ್ಯ ಕೋಚ್ ಹಾಲ್ಡೇನ್ ಇಲ್ಲಿಗೆ ಬಂದಿದ್ದರು. ಅವರು ಕಾರು ನಿಲ್ಲಿಸುವಾಗಲೇ ಅಮ್ಮ ಗಸಗಸೆ ತುಂಬಿದ ಸಿಹಿ ಬನ್ನಿನ, ಅಂದರೆ ಕೊಲಾಚೆಯ, ತಟ್ಟೆಯನ್ನು ಒಳಗಿಟ್ಟು ಒಣ ಪ್ಲಮ್‌ನ ಕೊಲಾಚೆ ಹೊರಗೆ ತಂದಳು, ಅನುಮಾನದ ಅತಿಥಿಗಳಿಗೆ ಅದೇ ಅಲ್ಲವೇ? ಹೆಂಗಸು ಒಳ್ಳೆಯ ಮಾತುಗಾತಿ. "ಹದಿನೈದು ವರ್ಷದ ಮಗು ಬಾಯಲ್ಲಿ ಹೇಳಿದ್ದನ್ನ ಮಾತು ಅಂತ ಹಿಡ್ಕೊಳ್ಳೋದು ತಪ್ಪು ಅಂತ ನಿಮಗೆ ಅನ್ನಿಸಲ್ವಾ?" ಎಂದು ನನ್ನನ್ನೇ ಕೇಳಿದರು. ಅನ್ನಿಸುತ್ತದೆ ಎಂದೆ, ನಿಜವಾಗಿಯೂ ಅನ್ನಿಸುತ್ತದೆ. "ಸೇಂಟ್ ಬ್ರೆಂಡನ್‌ನವರು ಬೇಸಿಗೆಯಲ್ಲಿ ಏನು ಮಾಡಿದ್ರು ಗೊತ್ತಾ? ಮಾತು ಕೊಟ್ಟಿದ್ದ ಒಬ್ಬ ಹುಡುಗಿನ, ಅವಳಿಗಿಂತ ಎರಡಿಂಚು ಎತ್ತರದವಳು ಸಿಕ್ಕಿದ ತಕ್ಷಣ ಕೈಬಿಟ್ರು. ಅವರಿಗಿಲ್ಲದ ನಿಯತ್ತು ಇವಳಿಗೆ ಯಾಕೆ?" ಅದೂ ನಿಜವೇ. ನಿನ್ನ ಅಣ್ಣ ಎಮಿಲ್ ಮೇಜು ನೋಡುತ್ತಾ ಕುಳಿತಿದ್ದ. ಸೇಂಟ್ ಬ್ರೆಂಡನ್ ಇರುವುದು ಅಯೋವಾದಲ್ಲಿ, ಆರು ಗಂಟೆಯ ದಾರಿ. ಕಾಟನ್‌ವುಡ್ ಆದರೆ ಒಂದು ಗಂಟೆ, ಮಗಳ ಪ್ರತಿಯೊಂದು ಆಟವನ್ನೂ ನೋಡಿ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಬಹುದು. ಅವನ ಬಾಯಲ್ಲಿ ನೀರೂರಿದ್ದು ನನಗೆ ಕಾಣುತ್ತಿತ್ತು. ಎದುರಿಗೆ ಕುಳಿತ ರೋಸಲಿ ಹೂಂ ಅಂದುಬಿಟ್ಟರೆ ನೀನು ಎರಡು ವರ್ಷ ದೂರ ಉಳಿದದ್ದೆಲ್ಲ ನೀರಿನಲ್ಲಿ ಹೋಮ, ಊರು ನಿನ್ನ ಹೆಸರನ್ನೇ ಹೇಳುತ್ತದೆ.

ಅಷ್ಟರಲ್ಲಿ ರೋಸಲಿ ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮ್ಮನ್ನ ನಮ್ಮತ್ತೆ ಕಳಿಸಿದ್ರಾ?" ಹಾಲ್ಡೇನ್ ಸುಳ್ಳು ಹೇಳಲಿಲ್ಲ, ಅದಕ್ಕೆ ಅವರಿಗೆ ಮಾರ್ಕು ಕೊಡಬೇಕು. "ಇಲ್ಲಮ್ಮ. ನೀನೇ ಹೋಗು ಅಂದೆ, ಅವಳು ಆಗಲ್ಲ ಅಂದಳು. ಅದಕ್ಕೆ ನಾನೇ ಬಂದೆ" ಎಂದರು. ಹುಡುಗಿಯ ಮುಖ ಸಪ್ಪಗಾಯಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, "ಅವರು ಇನ್ನೊಬ್ಬಳಿಗೆ ಮಾತು ತಪ್ಪಿರಬಹುದು. ನನಗೆ ತಪ್ಪಿಲ್ಲ. ನಾನು ಅಲ್ಲಿಗೇ ಹೋಗ್ತೀನಿ" ಎಂದಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಲಿಡಾ. ಹಾಲ್ಡೇನ್ ಹೊರಟಾಗ ನಿನ್ನ ಅಮ್ಮ ನಾಲ್ಕು ಗಸಗಸೆ ಕೊಲಾಚೆಯನ್ನು ಕಟ್ಟಿಕೊಟ್ಟಳು. ಗೆದ್ದವರು ಸೋತವರಿಗೆ ಕೊಡಬೇಕಂತೆ.

ಈಗ ಇವತ್ತಿನ ಕಥೆ. ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆ ಹಾಸಿದ ಮೇಜು, ಸೇಂಟ್ ಬ್ರೆಂಡನ್‌ನ ಹಸಿರು ಟೋಪಿ, ಅದರ ಪಕ್ಕದಲ್ಲಿ ಅಮ್ಮನ ಆರು ಡಜನ್ ಕೊಲಾಚೆ, ಇವತ್ತು ಗಸಗಸೆಯೊಂದೇ. ಎಮಿಲ್ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ, ಗುಂಡಿ ಹಾಕಲು ಆಗುತ್ತಿರಲಿಲ್ಲ. ರೋಸಲಿ ಸಹಿ ಹಾಕಿ, ಟೋಪಿ ತಲೆಗಿಟ್ಟಳು, ಎಲ್ಲರೂ ಚಪ್ಪಾಳೆ ಹೊಡೆದೆವು, ಪತ್ರಿಕೆಯವನು ಫೋಟೋ ತೆಗೆದ. ಉಳಿದದ್ದು ಕಾಗದವನ್ನು ಫ್ಯಾಕ್ಸ್ ಮಾಡುವುದು. ಶಾಲೆಯ ಯಂತ್ರ ಇವತ್ತೇ ಕಾಗದ ನುಂಗಿ ಬಾಯಿ ಮುಚ್ಚಿಕೊಳ್ಳಬೇಕೇ? ನಾನು, ತಲೆನೋವು ಬೇಡ, ನಮ್ಮ ಧಾನ್ಯದ ಗೋದಾಮಿನಲ್ಲಿ ಫ್ಯಾಕ್ಸ್ ಇದೆ, ಕೊಡಿ ಇಲ್ಲಿ ಎಂದು ಕಾಗದ ಕಿತ್ತುಕೊಂಡು ಓಡಿದೆ. ಎಪ್ಪತ್ತಾರರಲ್ಲಿ ಓಡಿದೆ, ನೀನು ನೋಡಬೇಕಿತ್ತು.

ಗೋದಾಮಿನ ಯಂತ್ರದಲ್ಲಿ ಮೊದಲನೇ ಗುಂಡಿಯ ಮೇಲೆ ಯಾರ ಹೆಸರಿದೆ ಎಂಬುದು ನಿನಗೆ ಗೊತ್ತು. ಪ್ರತಿ ಶುಕ್ರವಾರ ಆ ಗುಂಡಿ ಒತ್ತಿಯೇ ನಿನ್ನ ಆಫೀಸಿಗೆ ಹವಾಮಾನ, ಜೋಳದ ಸುದ್ದಿ, ನನ್ನ ಸಪ್ಪೆ ಹಾಸ್ಯ ಎಲ್ಲ ಕಳಿಸುತ್ತೇನೆ, ರೋಸಲಿಯ ಆಟದ ಸುದ್ದಿ ಒಂದನ್ನು ಬಿಟ್ಟು. ಖುಷಿಯಲ್ಲಿ ತಲೆ ಎಲ್ಲಿತ್ತೋ, ಬೆರಳು ಮಾತ್ರ ತನ್ನ ದಾರಿ ಹಿಡಿಯಿತು. ಕಾಗದ ಹೋಯಿತು, ಯಂತ್ರ ಕಿರ್ರ್ ಎಂದಿತು, ನಾನು ಕೈ ಒರೆಸಿಕೊಂಡು ಬಂದು ಎರಡು ಕೊಲಾಚೆ ತಿಂದೆ. ಏಳು ನಲವತ್ತಕ್ಕೆ ಸೇಂಟ್ ಬ್ರೆಂಡನ್‌ನ ಕೋಚ್ ಪ್ರೂಯಿಟ್ ಫೋನ್ ಮಾಡಿ ಕಾಗದ ಬಂದಿಲ್ಲ ಎಂದರು. ಏಳು ಐವತ್ತೈದಕ್ಕೆ ಮತ್ತೆ. ಎಂಟು ಗಂಟೆಗೆ ಪೇಟೆಯ ಕಾಫಿ ಅಂಗಡಿಯಲ್ಲಿ ರೋಸಲಿ ಕೊನೇ ಗಳಿಗೆಯಲ್ಲಿ ಅತ್ತೆಯ ಕಾಲೇಜಿಗೆ ಹಾರಿದಳಂತೆ ಎಂದು ತೀರ್ಮಾನವೇ ಆಗಿಹೋಗಿತ್ತು. ಪ್ರೂಯಿಟ್ ಮೂರನೇ ಸಲ ಫೋನ್ ಮಾಡಿದಾಗ ಅವರ ಸ್ವರ ಬದಲಾಗಿತ್ತು. "ಮನಸ್ಸು ಬದಲಾಗಿದ್ರೆ ನೇರವಾಗಿ ಹೇಳಿಬಿಡಮ್ಮ" ಎಂದರಂತೆ. ಹುಡುಗಿ ಅಳು ನುಂಗಿಕೊಂಡು, "ಸಹಿ ಹಾಕಿದೀನಿ ಸರ್, ಊರೆಲ್ಲ ನೋಡಿದೆ" ಎಂದಳು. ಆಗ ಎಮಿಲ್‌ನ ಹೆಂಡತಿ ಜೋಲೀನ್ ನನ್ನ ಕಡೆ ತಿರುಗಿ, "ಮಾವ, ಯಾವ ಗುಂಡಿ ಒತ್ತಿದ್ರಿ?" ಎಂದಳು. ನಾನು ನಾಲಿಗೆ ಕಚ್ಚಿಕೊಂಡೆ. "ಬೇಕಂತ ಮಾಡಿದ್ರಾ?" ಎಂದು ಇನ್ನೂ ಮೆಲ್ಲಗೆ ಕೇಳಿದಳು. ನಿನ್ನ ಹೆಸರಿಗೆ ಮಸಿ ಬಳಿದವನು ಹಾಲ್ಡೇನ್ ಅಲ್ಲ, ಊರಲ್ಲ, ನಾನೇ ಆಗುತ್ತಿದ್ದೆ.

ಎಂಟು ಇಪ್ಪತ್ತಕ್ಕೆ ನಾಲ್ಕನೇ ಫೋನ್. ಕಾಗದ ಸಿಕ್ಕಿತು ಎಂದರು ಪ್ರೂಯಿಟ್. ಎಲ್ಲಿಂದ ಬಂತೆಂದು ಅವರಿಗೇ ನಂಬಲು ಆಗುತ್ತಿರಲಿಲ್ಲ, ಕಾಟನ್‌ವುಡ್‌ನ ಯಂತ್ರದಿಂದ. ಅದರ ಪ್ರತಿಯನ್ನು ಗೋದಾಮಿಗೆ ವಾಪಸ್ ಕಳಿಸಿದರು. ಕೆಳಗೆ ನಿನ್ನ ಅಕ್ಷರ: "ಇದು ನಿಮಗೆ ಸೇರಿದ್ದು. ತಪ್ಪಿ ಇಲ್ಲಿಗೆ ಬಂದಿದೆ. ಎಲ್. ವಾವ್ರಾ." ಆ ಪ್ರೂಯಿಟ್ ಫೋನಿನಲ್ಲಿ, "ಬೇರೆ ಯಾರ ಕೈಗೆ ಸಿಕ್ಕಿದ್ರೂ ಸಾಯಂಕಾಲದ ತನಕ ಮೇಜಿನ ಮೇಲೇ ಬಿದ್ದಿರೋದು" ಎಂದರು. ನಾನು ಇಡೀ ಗ್ರಂಥಾಲಯಕ್ಕೆ ಕೇಳುವ ಹಾಗೆ, ಹರಾಜಿನ ಸ್ವರದಲ್ಲಿ, ಇವಳು ನನ್ನ ಮಗಳು ಎಂದು ಕೂಗಿದೆ. ಜೋಲೀನ್ ಅತ್ತಳು, ಎಮಿಲ್‌ನ ಕೋಟಿನ ಹೊಲಿಗೆ ಬಿಟ್ಟಿತು. ನಿನ್ನ ಆಫೀಸಿನಲ್ಲಿ ಹಾಲ್ಡೇನ್ ಏನಾದರೂ ಅಂದರೆ ಅಮ್ಮನಿಗೆ ತಿಳಿಸು, ಮುಂದಿನ ಸಲ ಅವರಿಗೆ ಒಣ ಪ್ಲಮ್ಮೂ ಇಲ್ಲವಂತೆ.

ಭಾನುವಾರ ಬಾತುಕೋಳಿ ಮಾಡುತ್ತಾಳಂತೆ ಅಮ್ಮ, ಹುಳಿ ಎಲೆಕೋಸಿನ ಜೊತೆ. ಚರ್ಚು ಮುಗಿದ ಮೇಲೆ ಎಲ್ಲರೂ ಸೇರುತ್ತೇವೆ, ನಿನ್ನ ಕುರ್ಚಿಯ ಮೇಲೆ ಎರಡು ವರ್ಷದಿಂದ ಕೂತ ಬೆಕ್ಕನ್ನು ಎಬ್ಬಿಸಬೇಕಷ್ಟೇ. ಮಂಡಿ ಜೋಪಾನ. ರಸ್ತೆಯಲ್ಲಿ ನಿಧಾನವಾಗಿ ಬಾ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನಂಥ ಮಗಳನ್ನು ಕೊಟ್ಟದ್ದಕ್ಕೆ ಇವತ್ತು ಬೆಳಿಗ್ಗೆ ಅವನಿಗೆ ಎರಡು ಸಲ ವಂದನೆ ಹೇಳಿದ್ದೇನೆ.

ಅಮ್ಮನ ಮುತ್ತು, ಎಮಿಲ್ ಮತ್ತು ಜೋಲೀನ್‌ರ ನೆನಪುಗಳೊಂದಿಗೆ,
ನಿನ್ನ ಅಪ್ಪ,
ಓಟಾ ವಾವ್ರಾ

ತಾ.ಕ.: ಅಂಚೆಯವನು ಗೇಟಿನ ಹತ್ತಿರ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ಮರೆತು ಕೊನೆಗೆ ಬಿಟ್ಟದ್ದಲ್ಲ, ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ನಾನೂ ರೋಸಲಿಯೂ ಕುರ್ಚಿ ಮಡಚುತ್ತಿದ್ದೆವು. ನಿನ್ನ ಅಕ್ಷರ ಇರುವ ಆ ಪ್ರತಿ ಅವಳ ಕೈಯಲ್ಲಿತ್ತು. "ಎಷ್ಟು ಬೇಗ ಕಳಿಸಿಬಿಟ್ರಲ್ಲ ತಾತ. ಅತ್ತೆಗೆ ನಾನು ಬೇಡವಾಗಿದ್ದೆ, ಅಲ್ವಾ?" ಎಂದಳು. ಸೆಪ್ಟೆಂಬರ್‌ನಲ್ಲಿ ನಮ್ಮ ಶಾಲೆಯ ಜಿಮ್‌ನಲ್ಲಿ ಪಂದ್ಯ ನಡೆದಾಗ ನೀನು ಎದುರು ತಂಡದ ಒಬ್ಬ ಹುಡುಗಿಯನ್ನು ನಿಮ್ಮ ಕಾಲೇಜಿಗೆಂದು ನೋಡಲು ಬಂದಿದ್ದೆಯಂತೆ, ಆ ಕಡೆಯ ಮೆಟ್ಟಿಲ ಮೇಲೆ ಕುಳಿತಿದ್ದೆಯಂತೆ. ನನಗೆ ಗೊತ್ತೇ ಇರಲಿಲ್ಲ. "ಅವತ್ತು ಹತ್ತೊಂಬತ್ತು ಪಾಯಿಂಟ್ ಹೊಡೆದೆ ತಾತ. ಅತ್ತೆ ಕೈಯಲ್ಲಿ ನೋಟ್‌ಬುಕ್ ಇತ್ತು. ನನ್ನದು ಒಂದನ್ನೂ ಬರ್ಕೊಳ್ಳಲಿಲ್ಲ." ನಿನಗೆ ಮಾತು ಕೊಟ್ಟಿದ್ದೆನಲ್ಲ, ಕಾರಣ ನೀನೇ ಹೇಳಬೇಕು ಎಂದು ಆಗಲೂ ಬಾಯಿ ಬಿಡದೆ ಕುರ್ಚಿ ಮಡಚಿದೆ. ಭಾನುವಾರದ ತನಕ ಕಾಯಬೇಡ ಲಿಡಾ. ಈ ಪತ್ರ ಕೈಗೆ ಬಂದ ದಿನವೇ ಹೊರಡು. ಸಂಜೆ ಆರರ ಮೇಲೆ ಅವಳು ಮನೆಯಲ್ಲೇ ಇರುತ್ತಾಳೆ.