ಮಾವನವರು ಹೊಸ್ತಿಲು ದಾಟಿದರು

ರೀ,

ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಮನೇಲಿ ಯಾರೂ ಇಲ್ಲ ಅಂತ ಗಾಬರಿಯಾಗಬೇಡಿ. ನ್ಯೂಜಿಲೆಂಡಿನಲ್ಲಿ ನಮ್ಮವರು ಗೆಲ್ಲೋಕೆ ಇನ್ನು ಸ್ವಲ್ಪವೇ ರನ್ನು ಬೇಕು! ಗೆದ್ದರೆ ಪರದೇಶದ ಟೆಸ್ಟಿನಲ್ಲಿ ಇದೇ ಮೊದಲ ಗೆಲುವಂತೆ. ಅಷ್ಟರಲ್ಲಿ ನಮ್ಮ ರೇಡಿಯೋ ಸತ್ತುಹೋಯಿತು. ರಿಪೇರಿ ಮಾಡಿಸಿ ಅಂತ ತಿಂಗಳಿಂದ ಬಡ್ಕೊಂಡೆ, ಕೇಳಿದ್ರಾ?

ಹಿಂದಿನ ಬೀದಿಯ ಸೇತುರಾಮಯ್ಯನವರ ಮನೆಗೆ ಹೋಗಿ ಕೇಳ್ಕೊಂಡು ಬರ್ತೀನಿ ಅಂದೆ. ಕಣ್ಣು ಹೋದಾಗಿನಿಂದ ಎರಡು ವರ್ಷ ಹೊಸ್ತಿಲು ದಾಟದ ಮಾವನವರು, "ನನ್ನ ಚಪ್ಪಲಿ ಎಲ್ಲಮ್ಮಾ? ನಾನೂ ಬರ್ತೀನಿ" ಅಂದುಬಿಟ್ಟರು! ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಉಪ್ಪಿಟ್ಟು ಬಾಣಲೇಲಿದೆ. ತಿಂದು ನೀವೂ ಓಡಿ ಬನ್ನಿ, ನಿದ್ದೆ ಆಮೇಲೆ ಮಾಡಿದ್ರಾಯ್ತು. ನಾನಿದನ್ನ ಬರೀತಿದ್ರೆ ಅವರಾಗಲೇ ಬೀದಿಗಿಳಿದು, "ಬೇಗ ಬಾರಮ್ಮ, ಗೆದ್ದುಬಿಟ್ಟಾರು!" ಅಂತ ಕೂಗ್ತಿದ್ದಾರೆ.

ಸತ್ಯವತಿ