ವಾಪಸ್ಸು ಕೊಟ್ಟ ಎಲೆಅಡಿಕೆ

ಯಗಟಿ
18 ಜನವರಿ 2026

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಚಂದ್ರಿಯ ನಮಸ್ಕಾರ. ಅತ್ತಿಗೆಗೂ ಹೇಳು. ಸಂಕ್ರಾಂತಿ ಮುಗಿದ ಮೇಲೆ ಎಳ್ಳುಬೆಲ್ಲ ಕಳಿಸುವ ತಂಗಿ ಇಡೀ ತರೀಕೆರೆಯಲ್ಲಿ ನಿನಗೊಬ್ಬನಿಗೇ ಇರಬೇಕು. ಬೈಯಬೇಡ. ಹಬ್ಬದ ಹಿಂದಿನ ದಿನ ನಮ್ಮ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮಿಷಿನ್ನು ಕೈಕೊಟ್ಟಿತು. ಕ್ಯಾನು ಹಿಡಿದು ನಿಂತವರೆಲ್ಲ ಸೆಕ್ರೆಟರಮ್ಮಾ, ಸೆಕ್ರೆಟರಮ್ಮಾ ಎಂದು ನನ್ನನ್ನೇ ಸುತ್ತಿಕೊಂಡರು. ನಾನೇನೋ ಬೇಕಂತ ಕೆಡಿಸಿದ ಹಾಗೆ. ಮನೆಗೆ ಬಂದು ಕೊಬ್ಬರಿ ಹೆಚ್ಚುವಷ್ಟರಲ್ಲಿ ಹಬ್ಬವೇ ಕಳೆದುಹೋಗಿತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಪಂಪ್‌ಸೆಟ್ ಅಂಗಡಿಗೆ ಗಿರಾಕಿ ಬಂದ ತಕ್ಷಣ ‘ಇರು ಕಣೇ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀಯ. ನಿನ್ನ ಆ ‘ಆಮೇಲೆ’ ಕಾರ್ತಿಕದಿಂದ ಇನ್ನೂ ಬಂದಿಲ್ಲ. ಕಾಗದಕ್ಕಾದರೆ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಅಳಿಯ ಸುದೀಪ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ಮನೆಯಲ್ಲಿ ಕೂತು ಕುರಿ ಕಾಯುತ್ತೇನೆ, ಇಂಜಿನಿಯರಿಂಗೂ ಬೇಡ ಏನೂ ಬೇಡ ಎನ್ನುತ್ತಿದ್ದವನು ಹಬ್ಬದ ಮಾರನೇ ದಿನ ತಾನೇ ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿದ. ನಿನ್ನೆ ಫೋನು ಮಾಡಿ, ಮೆಸ್ಸಿನ ಸಾರು ನೀರು ನೀರಾಗಿದೆ ಎಂದು ದೂರಿದ. ಸಾರಿನ ಬಗ್ಗೆ ದೂರುವಷ್ಟು ಗೆಲುವಾಗಿದ್ದಾನಲ್ಲ ಎಂದು ನನಗೆ ಹೊಟ್ಟೆ ತುಂಬಿದ ಹಾಗಾಯಿತು. ನಿಶ್ಚಿತಾ ಅಣ್ಣನ ಮಂಚ ತನ್ನದಾಯಿತೆಂದು ಖುಷಿಯಲ್ಲಿದ್ದಾಳೆ. ಇವರು ತೋಟಕ್ಕೆ ಹೊಸ ಡ್ರಿಪ್ಪು ಹಾಕಿಸಿದ್ದಾರೆ. ಎರಡು ಕುರಿ ಮರಿ ಹಾಕಿವೆ.

ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ ಎಂದು ನನ್ನ ಲೆಕ್ಕ. ನಿನಗೆ ಹೇಳಿದವರು ಆ ಕಡೆಯವರು. ನಮ್ಮ ಕಡೆಯಿಂದಲೂ ಒಂದು ಸಲ ಕೇಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಸುದೀಪ ಹೇಳದೆ ಕೇಳದೆ ಊರಿಗೆ ಬಂದ. ತಲೆ ನುಣ್ಣಗೆ ಬೋಳು. ಮೀಸೆಯೂ ಇಲ್ಲ. ಬಸ್ಸಿಳಿದವನನ್ನು ನೋಡಿ ಟೀ ಅಂಗಡಿಯ ಲಕ್ಕಣ್ಣ ಎದ್ದು ನಿಂತುಬಿಟ್ಟನಂತೆ, ಇವನ ಅಪ್ಪನೋ ತಾತನೋ ಹೋಗಿಬಿಟ್ಟರು ಎಂದು. ಇವನು, ಸ್ನೇಹಿತರ ಜೊತೆ ಹೋಗಿ ದೇವರಿಗೆ ಮುಡಿ ಕೊಟ್ಟೆ ಎಂದ. ನಮ್ಮತ್ತೆ ಪಾಪಮ್ಮನವರಿಗೆ ಸಂತೋಷವೋ ಸಂತೋಷ. ಸೊಂಟ ನೋವು ಮರೆತು ಎದ್ದು ಬಂದು ಎರಡೂ ಕೈ ಚಾಚಿದರು. ‘ಪ್ರಸಾದ ಕೊಡಪ್ಪಾ’ ಎಂದರು. ಇವನು ಬ್ಯಾಗಿನೊಳಗೆ ಕೈ ಹಾಕಿ ಹುಡುಕುವ ಹಾಗೆ ಮಾಡಿದ. ಕೈ ಆಚೆ ಬರಲಿಲ್ಲ. ಹಾಗೇ ಬ್ಯಾಗಿನ ಮೇಲೆ ಬಗ್ಗಿ ಅಳುವುದಕ್ಕೆ ಶುರು ಮಾಡಿದ.

ಹಾಸ್ಟೆಲ್ಲಿನಲ್ಲಿ ಮೂರು ಜನ ಸೀನಿಯರ್ ಹುಡುಗರು. ಮನೆಯಲ್ಲಿ ಏನು ಕೆಲಸ ಎಂದು ಕೇಳಿದ್ದಾರೆ. ತೆಂಗಿನ ತೋಟ ಇದೆ, ಕುರಿ ಸಾಕಿದ್ದೇವೆ ಎಂದಿದ್ದಾನೆ. ಅವತ್ತಿಂದ ಇವನಿಗೆ ಕುರಿ ಎಂದೇ ಹೆಸರು. ಒಂದು ದಿನ ಸ್ನಾನದ ಮನೆಗೆ ಕರೆದುಕೊಂಡು ಹೋಗಿ ನಾಲ್ಕು ಕಾಲಲ್ಲಿ ನಿಲ್ಲಿಸಿ, ಕುರಿ ಹಾಗೆ ಕೂಗು ಎಂದಿದ್ದಾರೆ. ಆಮೇಲೆ ಉಣ್ಣೆ ಕತ್ತರಿಸೋಣ ಎಂದು ಟ್ರಿಮ್ಮರ್ ಹಿಡಿದು ಅರ್ಧ ತಲೆ, ಅರ್ಧ ಮೀಸೆ ಬೋಳಿಸಿದ್ದಾರೆ. ಒಬ್ಬ ಅದನ್ನು ವಿಡಿಯೋ ಮಾಡಿದ್ದಾನೆ. ಉಳಿದ ಅರ್ಧವನ್ನು ಇವನೇ ಹೋಗಿ ಕ್ಷೌರದ ಅಂಗಡಿಯಲ್ಲಿ ತೆಗೆಸಿಕೊಂಡು ಬಸ್ಸು ಹತ್ತಿದ್ದು. ಎಡಗಿವಿಯ ಮೇಲೆ ಒಂದು ಗಾಯ ಇತ್ತು.

ನಮ್ಮ ಮಾವ ಹನುಮಂತಪ್ಪನವರು ಎಲ್ಲ ಕೇಳಿಸಿಕೊಂಡು ಅವನ ಬೋಳು ತಲೆ ಸವರಿದರು. ಆಮೇಲೆ ಹೇಳಿದರು:

‘ಉಣ್ಣೆ ಕತ್ರಿಸ್ವಾಗ ನಾವು ಕುರಿ ತಲೇನ ತೊಡೆ ಮ್ಯಾಲೆ ಇಟ್ಕಂತೀವಿ ಕಣ್ಲಾ. ಅದುಕ್ಕೆ ಭಯ ಆಗ್ಬಾರ್ದು ಅಂತ.’

ನನಗೆ ಸಿಟ್ಟು ಬಂದರೆ ಗೊತ್ತಲ್ಲ, ಅಡುಗೆಯೂ ಇಲ್ಲ, ನಿದ್ದೆಯೂ ಇಲ್ಲ. ವಾರ್ಡನ್ನಿಗೆ ಫೋನು ಮಾಡಿದೆ. ಹುಡುಗಾಟ ಬಿಡಿ ಮೇಡಂ, ಕೂದಲು ತಾನೇ, ಬೆಳೆಯುತ್ತೆ ಎಂದ. ನಿನ್ನದನ್ನೂ ಹಾಗೇ ತೆಗೆಯಲಾ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಮಾರನೇ ದಿನ ಕಡೂರಿಗೆ ಹೋದೆ. ನಮ್ಮೂರ ಸ್ಕೂಲಿನಲ್ಲಿದ್ದ ರಾಮಸ್ವಾಮಿ ಮೇಷ್ಟರ ಮಗಳು ಶ್ರೀಜಾ ಅಲ್ಲಿ ಲಾಯರು. ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಬಡವರಿಗೆ, ಹೆಂಗಸರಿಗೆ ಸಲಹೆ ಕೊಡುತ್ತಾಳೆ. ಚಿಕ್ಕವಳಿದ್ದಾಗ ಡೈರಿಗೆ ಚೊಂಬು ತಂದು ಅರ್ಧ ಹಾಲು ದಾರಿಯಲ್ಲೇ ಚೆಲ್ಲುತ್ತಿದ್ದವಳು, ಈಗ ಕನ್ನಡಕ ಹಾಕಿಕೊಂಡು ನನ್ನನ್ನೇ ಕೂತ್ಕೊಳ್ಳಿ ಅಕ್ಕಾ ಎಂದಳು.

ರ‍್ಯಾಗಿಂಗ್ ಎನ್ನುವುದು ಹುಡುಗಾಟವಲ್ಲ, ಅಪರಾಧ ಎಂದಳು. ನಮ್ಮ ರಾಜ್ಯದ ಶಿಕ್ಷಣ ಕಾಯಿದೆಯಲ್ಲೇ ಅದಕ್ಕೆ ಜೈಲು ಶಿಕ್ಷೆ ಇದೆಯಂತೆ. ಕಾಲೇಜಿನಲ್ಲಿ ಇದಕ್ಕೆಂದೇ ಒಂದು ಕಮಿಟಿ ಇರಲೇಬೇಕಂತೆ. ಇಡೀ ದೇಶಕ್ಕೆ ಒಂದು ಸಹಾಯವಾಣಿ ಇದೆ, ಹೆಸರು ಹೇಳಲು ಹೆದರಿಕೆಯಾದರೆ ಹೆಸರಿಲ್ಲದೆಯೂ ಅಲ್ಲಿಗೆ ದೂರು ಕೊಡಬಹುದು. ಪೊಲೀಸರ ಹತ್ತಿರ ನಾವೇ ನೇರವಾಗಿ ಹೋಗಬಹುದು, ಘಟನೆ ಎಲ್ಲೇ ನಡೆದಿರಲಿ, ಇಲ್ಲಿನ ಸ್ಟೇಷನ್ನಿನಲ್ಲೂ ತೆಗೆದುಕೊಳ್ಳಬೇಕು. ನಾವು ಹೋಗದಿದ್ದರೂ ಇಂಥದ್ದು ಗೊತ್ತಾದ ಮೇಲೆ ಪ್ರಿನ್ಸಿಪಾಲರೇ ಪೊಲೀಸರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಕಾಲೇಜಿಗೇ ಕುತ್ತು. ಆ ವಿಡಿಯೋ ಯಾರಾದರೂ ಕಳಿಸಿದ್ದರೆ ಅಳಿಸಬೇಡಿ ಎಂದಳು. ಸುದೀಪನ ಫೋನಿಗೆ ಅವರೇ ನಗೆ ಚಿತ್ರ ಹಾಕಿ ಕಳಿಸಿದ್ದರು. ಅಷ್ಟು ಧೈರ್ಯ ಅವರಿಗೆ.

ಸುದೀಪ ಮೊದಲು ಒಪ್ಪಲಿಲ್ಲ. ದೂರು ಕೊಟ್ಟವನೆಂದು ಹೆಸರಾದರೆ ಅಲ್ಲಿ ಬದುಕುವುದು ಹೇಗೆ ಎಂದ. ಶ್ರೀಜಾ ಅವನ ಜೊತೆ ತಾನೇ ಮಾತಾಡಿದಳು. ಏನು ಹೇಳಿದಳೋ, ಫೋನು ಇಟ್ಟವನು ತಾನೇ ಕೂತು ದೂರು ಬರೆದ. ಸಹಾಯವಾಣಿಗೂ ಕೊಟ್ಟ, ಕಾಲೇಜಿಗೂ ಕಳಿಸಿದ. ಅಲ್ಲಿಂದ ಕಮಿಟಿ ಸೇರುತ್ತದೆ, ಬನ್ನಿ ಎಂದು ಕರೆ ಬಂತು.

ಆ ಭಾನುವಾರವೇ ನಿಮ್ಮ ಕಾರು ಬಂದದ್ದು. ಆ ಹುಡುಗರಲ್ಲಿ ಒಬ್ಬನ ತಂದೆ ಅಜ್ಜಂಪುರದ ತೀರ್ಥಪ್ಪ, ಇನ್ನಿಬ್ಬರ ತಂದೆಯರು, ಜೊತೆಗೆ ನೀನು. ತೀರ್ಥಪ್ಪ ನಿನ್ನ ವ್ಯಾಪಾರದ ಕಡೆಯವರು, ಬಂದು ಕೈ ಹಿಡಿದುಕೊಂಡರೆ ನೀನಾದರೂ ಏನು ಮಾಡುತ್ತೀಯ. ಕರೆದುಕೊಂಡು ಬಂದದ್ದಕ್ಕೆ ನನಗೆ ಸಿಟ್ಟಿಲ್ಲ. ತೆಂಗಿನ ತೋಟದ ಮನೆಗೆ ತಟ್ಟೆ ತುಂಬ ತೆಂಗಿನಕಾಯಿ, ಎಲೆಅಡಿಕೆ, ಸೇಬು ತಂದಿರಿ. ಅವರು ಕೊಟ್ಟಿದ್ದರೆ ನಮ್ಮ ಮಾವನವರು ಕೈ ಚಾಚುತ್ತಿರಲಿಲ್ಲವೇನೋ. ತಟ್ಟೆ ನಿನ್ನ ಕೈಯಲ್ಲಿತ್ತು. ಬೀಗರ ಕಡೆಯವರು ಮನೆಗೆ ಬಂದು ತಾಂಬೂಲ ಕೊಟ್ಟರೆ ಬೇಡ ಎನ್ನುವುದು ಅವರಿಗೆ ಗೊತ್ತೇ ಇಲ್ಲ. ಎದ್ದು ನಿಂತು ತಗೊಂಡರು.

ಮಾರನೇ ದಿನ ಕಾಲೇಜಿನಿಂದ ಫೋನು. ಹಿರಿಯರೆಲ್ಲ ಸೇರಿ ಎಲೆಅಡಿಕೆ ತಗೊಂಡು ರಾಜಿ ಆಗಿದ್ದೀರಂತೆ, ದೂರು ವಾಪಸ್ಸು ಎಂದು ಬರೆದು ಕಳಿಸಿ ಎಂದರು. ಮಾವನವರ ಮುಖ ನೀನು ನೋಡಬೇಕಿತ್ತು. ಈ ಊರಿನ ಎಷ್ಟೋ ಜಗಳಗಳನ್ನು ಅವರೇ ಎಲೆಅಡಿಕೆ ಕೊಡಿಸಿ ಮುಗಿಸಿದ್ದಾರೆ. ಹಿರಿಯರ ಮುಂದೆ ತಗೊಂಡ ಮೇಲೆ ಆ ಮಾತು ಮತ್ತೆ ಎತ್ತುವವನಿಗೆ ಇಲ್ಲಿ ಮರ್ಯಾದೆ ಇಲ್ಲ. ‘ನನ್ ಕೈಯಾರೆ ಮಗೀನ ಬಾಯಿ ಮುಚ್ಬಿಟ್ನಲ್ಲಮ್ಮ’ ಎಂದು ಜಗಲಿಯ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ.

ನಾನು ಶ್ರೀಜಾಗೆ ಫೋನು ಮಾಡಿದೆ. ಅವಳು ನಕ್ಕಳು. ಎಲೆಅಡಿಕೆ ತಗೊಂಡರೆ ಊರಿನ ಬಾಯಿ ಮುಚ್ಚಬಹುದು ಅಕ್ಕಾ, ಕಾನೂನಿನದು ಮುಚ್ಚುವುದಿಲ್ಲ ಎಂದಳು. ಮನೆಯವರು ಕ್ಷಮಿಸಿದರೂ ಕಮಿಟಿ ವಿಚಾರಣೆ ಮಾಡಲೇಬೇಕು, ವಾಪಸ್ಸು ಎಂದು ಬರೆದುಕೊಡಿ ಎನ್ನಲು ಅವರಿಗೆ ಹಕ್ಕೇ ಇಲ್ಲ ಎಂದಳು. ಇದನ್ನು ಮಾವನವರಿಗೆ ಬಿಡಿಸಿ ಹೇಳಿದೆ. ಎಲ್ಲ ಕೇಳಿ, ‘ಕಾನೂನಿಗೆ ಸರಿ ಕಣಮ್ಮ. ನನ್ ಮಾತು?’ ಎಂದರು.

ಮಾರನೇ ದಿನ ಬೆಳಿಗ್ಗೆ ಎದ್ದು, ಆ ತಟ್ಟೆ ಎಲ್ಲಿ ಎಂದರು. ತಗೊಂಡದ್ದನ್ನು ವಾಪಸ್ಸು ಕೊಟ್ಟರೆ ಮಾತೂ ವಾಪಸ್ಸು ಎಂದರು. ಹಾಗೆ ಮಾಡಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಆದರೆ ತಟ್ಟೆಯಲ್ಲಿ ಏನಿತ್ತು? ಸೇಬನ್ನೆಲ್ಲ ನಿಶ್ಚಿತಾ ಅವತ್ತೇ ಖಾಲಿ ಮಾಡಿದ್ದಳು. ಕಾಯಿಯನ್ನು ನಮ್ಮತ್ತೆ ಚಟ್ನಿಗೆ ಅರೆದಿದ್ದರು. ಉಳಿದದ್ದು ಬಾಡಿದ ಎಲೆ, ಅಡಿಕೆ. ಮಾವನವರು ನಮ್ಮ ತೋಟದ್ದೇ ದಪ್ಪ ಕಾಯಿ ಆರಿಸಿದರು. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಸೇಬು ಕೊಳ್ಳುವಾಗ, ಅವರದು ಇಷ್ಟು ದಪ್ಪ ಇತ್ತಾ ಎಂದು ಒಂದೊಂದನ್ನೂ ಮೊಮ್ಮಗಳಿಗೆ ಹಿಡಿದು ತೋರಿಸಿದರು. ತಿಂದವಳು ಅವಳೇ ತಾನೇ.

ಕಮಿಟಿಯ ದಿನ ನಾವೆಲ್ಲ ಹೋದೆವು. ದೊಡ್ಡ ಮೇಜು. ಪ್ರಿನ್ಸಿಪಾಲರು, ಮೇಷ್ಟರುಗಳು, ಪೊಲೀಸಿನವರೊಬ್ಬರು, ಈ ಕಡೆ ಆ ಮೂರು ಹುಡುಗರು, ಅವರ ತಂದೆಯರು. ಮಾವನವರು ಪಂಚೆ ಸರಿ ಮಾಡಿಕೊಂಡು ಹೋಗಿ ತಟ್ಟೆಯನ್ನು ತೀರ್ಥಪ್ಪನವರ ಮುಂದೆ ಇಟ್ಟರು.

‘ಇದುನ್ನ ತಗಂಡಿದ್ದು ನಂದು ತಪ್ಪಾಯ್ತು ಯಜಮಾನ್ರೇ. ತಪ್ಪು ಆಗಿರದು ನಂಗಲ್ಲ, ನನ್ ಮೊಮ್ಮಗುಂಗೆ. ಬುಡದು ಬುಡದೇ ಇರದು ಅವುಂಗೆ ಸೇರಿದ್ದು. ಅವುನ್ನ ಕೇಳಿ.’

ಸುದೀಪ ಎದ್ದ. ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅಣ್ಣಾ, ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿಲ್ಲ.

ಟ್ರಿಮ್ಮರ್ ಹಿಡಿದವನನ್ನೂ ವಿಡಿಯೋ ಮಾಡಿದವನನ್ನೂ ಒಂದು ವರ್ಷ ಕಾಲೇಜಿನಿಂದ ಹೊರಗಿಟ್ಟಿದ್ದಾರೆ. ಮೂರನೆಯವನನ್ನು ಹಾಸ್ಟೆಲ್ಲಿನಿಂದ ತೆಗೆದಿದ್ದಾರೆ. ಪ್ರಿನ್ಸಿಪಾಲರೇ ಕೊಟ್ಟ ಪೊಲೀಸು ಕೇಸು ಅದರ ಪಾಡಿಗೆ ನಡೆಯುತ್ತಿದೆ, ನಿಧಾನ ಆಗುತ್ತದೆ ಎಂದು ಶ್ರೀಜಾ ಮೊದಲೇ ಹೇಳಿದ್ದಾಳೆ. ಹೊಸ ಹುಡುಗರಿಗೆ ಬೇರೆ ಹಾಸ್ಟೆಲ್ಲು ಮಾಡಿದ್ದಾರೆ, ವಾರ್ಡನ್ನೂ ಬದಲಾಗಿದ್ದಾನೆ. ಸುದೀಪನ ರೂಮಿನ ಹುಡುಗರು ಈಗ ಇವನನ್ನು ಕುರಿ ಎನ್ನುವುದಿಲ್ಲವಂತೆ. ಊರಿಗೆ ಬಂದರೆ ಮರಿ ತೋರಿಸ್ತೀಯಾ ಎಂದು ಕೇಳುತ್ತಾರಂತೆ. ನಿನ್ನ ವ್ಯಾಪಾರಕ್ಕೆ ಇದರಿಂದ ಏನಾದರೂ ತೊಂದರೆ ಆಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನ ಮಗ ತಲೆ ಎತ್ತಿ ಓಡಾಡುತ್ತಿದ್ದಾನೆ, ನನಗೆ ಅಷ್ಟು ಸಾಕು.

ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡು. ಅತ್ತಿಗೆಯ ಮಂಡಿನೋವಿಗೆ ಎಣ್ಣೆಯನ್ನೂ ಇಟ್ಟಿದ್ದೇನೆ. ದೇವರು ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ, ಮಕ್ಕಳು ಮರಿ ಚೆನ್ನಾಗಿರಲಿ.

ನಿನ್ನ ತಂಗಿ,
ಚಂದ್ರಕಲಾ

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ.

ಅವರನ್ನು ಕರೆದುಕೊಂಡು ಬಂದದ್ದಕ್ಕೆ ಸಿಟ್ಟಿಲ್ಲ ಎಂದೆನಲ್ಲ, ಅದು ನಿಜ. ಆದರೆ ಅವತ್ತು ನೀನು ಪಡಸಾಲೆಯಲ್ಲಿ ಕೂತೆ, ಕಾಫಿ ಕುಡಿದೆ, ಆ ಹುಡುಗರ ಭವಿಷ್ಯದ ಬಗ್ಗೆ ಮಾತಾಡಿದೆ, ಎದ್ದು ಹೋದೆ. ಸುದೀಪ ಒಳಗಿನ ಕೋಣೆಯಲ್ಲಿ, ಬಾಗಿಲ ಹಿಂದೆ, ತಲೆಗೆ ಟವಲು ಸುತ್ತಿಕೊಂಡು ಕೂತಿದ್ದ. ಅವನೆಲ್ಲಿ ಎಂದು ನೀನು ಕೇಳಲಿಲ್ಲ. ಕಾರು ಹೊರಟ ಮೇಲೆ ಆಚೆ ಬಂದು, ‘ತರೀಕೆರೆ ಮಾವ ನನ್ನ ನೋಡ್ದೆ ಹೋಗ್ಬಿಟ್ರಾ ಅಮ್ಮ?’ ಎಂದ. ಅರ್ಜೆಂಟಿತ್ತಂತೆ ಕಣೋ ಎಂದೆ.

ಅವನ ಜವಳ ತೆಗೆಸಿದ ದಿನ ನೆನಪಿದೆಯಾ ನಿನಗೆ? ಸೋದರಮಾವನ ತೊಡೆಯ ಮೇಲೇ ಕೂರಬೇಕೆಂದು ನೀನು ಅಂಗಡಿ ಮುಚ್ಚಿ ಬಂದಿದ್ದೆ. ಅತ್ತು ರಂಪ ಮಾಡಿ ನಿನ್ನ ಹೊಸ ಪಂಚೆಯನ್ನೆಲ್ಲ ಒದ್ದೆ ಮಾಡಿದ. ಕತ್ತಿ ತಾಗೀತೆಂದು ನೀನು ಅವನ ಕಿವಿಗೆ ಅಂಗೈ ಅಡ್ಡ ಹಿಡಿದು, ಮುಗಿಯುವವರೆಗೂ ತೆಗೆಯಲೇ ಇಲ್ಲ.

ಕಿವಿಯ ಮೇಲಿನ ಗಾಯ ಮಾಯ್ದಿದೆ ಅಣ್ಣಾ. ಕೂದಲೂ ಬಾಚುವಷ್ಟು ಬಂದಿದೆ. ಇನ್ನು ಸ್ವಲ್ಪ ದಿನ ಕಳೆದರೆ, ನೀನು ಬಂದರೂ ನೋಡುವುದಕ್ಕೆ ಏನೂ ಇರುವುದಿಲ್ಲ.